ಗಫಾರ್ ಸಾಹೇಬರ ವಿಮಾನ ಅಂಚೆಯ ಲಕೋಟೆಗಳು

ಹಳೇ ಅಂಚೆಚೀಟಿಯ ಕೆಲಸ ಕಲಿಯಬೇಕು ಅಂತ ಈಗಲೂ ಒಬ್ಬಿಬ್ಬರು ಹುಡುಗಿಯರು ಅಜ್ಜಂಪುರದ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಮೊಬೈಲಿನಲ್ಲಿ ನೋಡಿ ಆಸೆಪಟ್ಟು ಬಂದವರು. ನೀವು ಕಂಡದ್ದನ್ನು ಬರೆದುಕೊಡಿ ಅಜ್ಜಿ, ಅನ್ನುತ್ತಾರೆ. ಬರೆಯುತ್ತಿದ್ದೇನೆ. ಆದರೆ ಮೊದಲೇ ಹೇಳಿಬಿಡುತ್ತೇನೆ: ಈ ಕೆಲಸದಲ್ಲಿ ಏನೂ ಉಳಿಯುವುದಿಲ್ಲ. ನೀರಿಂದ, ಹುಳದಿಂದ, ಬಿಸಿಲಿಂದ ಹೋಗುವುದು ಸ್ವಲ್ಪ. ಜೋಪಾನ ಮಾಡುತ್ತೇನೆ ಅಂತ ಕೈ ಹಾಕಿದವರಿಂದ ಹೋಗುವುದೇ ಹೆಚ್ಚು. ಇದನ್ನು ಕೇಳಿದ ಮೇಲೂ ಬರುವವರು ಬರಲಿ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಗಂಡ ಹೋದ ಮೇಲೆ ತರೀಕೆರೆಯ ಗಫಾರ್ ಸಾಹೇಬರ ಬುಕ್ ಬೈಂಡಿಂಗ್ ಅಂಗಡಿಗೆ ಹಾಳೆ ಮಡಿಸುವ ಕೆಲಸಕ್ಕೆ ಸೇರಿದೆ. ಬೆಳಿಗ್ಗೆ ಅಜ್ಜಂಪುರದಲ್ಲಿ ಬಸ್ಸು ಹತ್ತಿದರೆ ಸಂಜೆ ಅದೇ ಬಸ್ಸಿಗೆ ವಾಪಸ್ಸು. ಅಂಗಡಿಯ ಮುಂಭಾಗದಲ್ಲಿ ಬೈಂಡಿಂಗು. ಹಿಂದಿನ ಕೋಣೆಯಲ್ಲಿ ಸಾಹೇಬರ ಅಂಚೆಚೀಟಿ ವ್ಯಾಪಾರ. ರದ್ದಿಯವರಿಂದ, ಕಾಫಿ ಎಸ್ಟೇಟಿನ ಹಳೇ ಆಫೀಸುಗಳಿಂದ ಕಾಗದ ಕೊಂಡು, ಚೀಟಿ ಬಿಡಿಸಿ, ದೂರದ ಊರುಗಳ ಸಂಗ್ರಹದವರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸುತ್ತಿದ್ದರು. ತರೀಕೆರೆಯಲ್ಲಿ ಯಾರಿಗೂ ಆ ವ್ಯಾಪಾರ ಅರ್ಥವಾಗುತ್ತಿರಲಿಲ್ಲ. ಸಾಬರು ಎಂಜಲು ಹಚ್ಚಿದ ಕಾಗದ ಮಾರುತ್ತಾರೆ ಅಂತ ನಗುತ್ತಿದ್ದರು.

ಒಂದು ಬೇಸಗೆಯಲ್ಲಿ ಸಾಹೇಬರು ನಾನು ಮಡಿಸಿದ ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿದರು.

"ಈರಮ್ಮ, ನಿನ್ನ ಕೈ ಬೆವರಲ್ವಾ?"

"ಇಲ್ಲ ಸಾಹೇಬ್ರೆ. ಒಣಗಿದ ಕೈ. ಉಪ್ಪಿನಕಾಯಿ ಹಾಕಕ್ಕೆ ನಮ್ಮ ಕೇರಿಯೋರೆಲ್ಲ ನನ್ನೇ ಕರೀತಾರೆ."

"ಹಂಗಾದ್ರೆ ನಾಳೆಯಿಂದ ಹಿಂದಿನ ಕೋಣೇಲಿ ಕೂತ್ಕೋ."

ಕೈ ಬೆವರುವುದಿಲ್ಲ ಅನ್ನುವುದೇ ನನ್ನ ವಿದ್ಯಾರ್ಹತೆ.

ಕೆಲಸ ಹೀಗಿತ್ತು. ಚೀಟಿ ಅಂಟಿದ ಕಾಗದದ ತುಂಡನ್ನು ತಟ್ಟೆಯ ನೀರಿನಲ್ಲಿ ತೇಲಿ ಬಿಡುವುದು. ಗೋಂದು ಸಡಿಲವಾದಾಗ ಚೀಟಿ ತಾನಾಗಿ ಜಾರುತ್ತದೆ; ಎಳೆಯಬಾರದು. ಆಮೇಲೆ ಒರಟು ಕಾಗದದ ನಡುವೆ ಮುಖ ಕೆಳಗೆ ಮಾಡಿ ಒಣಗಿಸುವುದು, ಅಂಚಿನ ಹಲ್ಲು ಮುರಿದಿದೆಯೇ ನೋಡುವುದು (ಒಂದು ಹಲ್ಲು ಹೋದರೂ ಬೆಲೆ ಇಲ್ಲ), ಚಿಮಟದಲ್ಲಿ ಹಿಡಿದು ಬೇರೆ ಬೇರೆ ಮಾಡುವುದು. ಇಂಗ್ಲಿಷ್ ನನಗೆ ಬರುತ್ತಿರಲಿಲ್ಲ. ಅಕ್ಷರದ ಆಕಾರ ನೋಡಿ ದೇಶ ಗುರುತಿಸುವುದನ್ನು ಸಾಹೇಬರು ಕಲಿಸಿದರು, ದನ ಕಾಯುವವರು ಬರೆ ನೋಡಿ ಯಾರ ಮನೆಯ ದನ ಅಂತ ಹೇಳುವ ಹಾಗೆ. ಮೊದಲ ಮೂರು ನಾಲ್ಕು ತಿಂಗಳು ಬೈಸಿಕೊಂಡಷ್ಟು ನಾನು ಅತ್ತೆಮನೆಯಲ್ಲೂ ಬೈಸಿಕೊಂಡಿರಲಿಲ್ಲ. ಚಿಮಟವನ್ನು ಮೇಜಿನ ಮೇಲೆ ಸದ್ದಾಗುವಂತೆ ಇಟ್ಟರೂ ಅವರಿಗೆ ಆಗುತ್ತಿರಲಿಲ್ಲ.

ಎಲ್ಲವನ್ನೂ ಮಾರುತ್ತಿದ್ದ ಮನುಷ್ಯ ಒಂದು ಜಾತಿಯದನ್ನು ಮಾತ್ರ ಮಾರುತ್ತಿರಲಿಲ್ಲ. ವಿಮಾನದಲ್ಲಿ ಹೋದ ಕಾಗದಗಳು. ಅವನ್ನು ನೀರಿಗೆ ಹಾಕುವುದಿಲ್ಲ, ಚೀಟಿಯ ಸಮೇತ ಇಡೀ ಲಕೋಟೆಯನ್ನೇ ಇಡುವುದು. ಯಾಕೆ ಅಂದರೆ ಅಲ್ಲಿ ಚೀಟಿಗಿಂತ ದಾರಿ ಮುಖ್ಯ. ಎಲ್ಲಿ ಹತ್ತಿತು, ಎಲ್ಲಿ ಇಳಿಯಿತು, ಯಾವ ದಿನ ಮುಟ್ಟಿತು ಎಂಬ ಮುದ್ರೆಗಳೆಲ್ಲ ಲಕೋಟೆಯ ಮುಂದೆ ಹಿಂದೆ ಬಿದ್ದಿರುತ್ತವೆ. ಚೀಟಿ ಬಿಡಿಸಿದರೆ ದಾರಿ ಹೋಯಿತು.

ಸಾಹೇಬರು ಕೆಲಸ ಮಾಡುತ್ತಾ ಆ ಕತೆಗಳನ್ನು ಹೇಳುತ್ತಿದ್ದರು. ಅಲಹಾಬಾದಿನಿಂದ ಹೊಳೆಯ ಆಚೆ ದಡದ ನೈನಿಗೆ ಒಬ್ಬ ಮೊದಲ ಸಲ ವಿಮಾನದಲ್ಲಿ ಅಂಚೆಚೀಲ ಒಯ್ದನಂತೆ. ಅದು ದೋಣಿಯಲ್ಲಿ ದಾಟಬಹುದಾದ ದೂರ. ಆಮೇಲೆ ಕರಾಚಿಯಿಂದ ಲಂಡನ್ನಿಗೆ ಶುರುವಾಯಿತು. ಅದಕ್ಕೆಂದೇ ಬೇರೆ ಚೀಟಿ ಬಂತು: ಒಂದು ಕಡೆ ರಾಜನ ತಲೆ, ನಡುವೆ ಒಂದರ ಮೇಲೊಂದು ರೆಕ್ಕೆಯ ವಿಮಾನ, ಕೆಳಗೆ ಮರ. ಅಚ್ಚಿನ ತಪ್ಪಿನಿಂದ ಕೆಲವು ಚೀಟಿಗಳಲ್ಲಿ ಆ ಮರಕ್ಕೆ ತಲೆ ಇರುವುದಿಲ್ಲ. ಅಂಥದ್ದೇ ಬೇಕು ಅಂತ ಸಾಹೇಬರು ಜೀವಮಾನವೆಲ್ಲ ಹುಡುಕಿದರು, ಸಿಗಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ರಾತ್ರಿ ವಿಮಾನಗಳು ನಾಲ್ಕು ದಿಕ್ಕಿನಿಂದ ನಾಗಪುರಕ್ಕೆ ಬಂದು, ಚೀಲ ಬದಲಾಯಿಸಿಕೊಂಡು, ಬೆಳಗಾಗುವುದರೊಳಗೆ ವಾಪಸ್ಸು ಹೋಗುತ್ತಿದ್ದವಂತೆ. ನಾನು ವಿಮಾನ ಹತ್ತಿದವಳಲ್ಲ. ಹತ್ತಬೇಕು ಅಂತಲೂ ಅನಿಸಲಿಲ್ಲ.

ಅವರ ಹತ್ತಿರ ಇದ್ದವುಗಳಲ್ಲಿ ಅವರಿಗೆ ಪ್ರಾಣವಾಗಿದ್ದದ್ದು ಬೀರೂರಿನ ಲಕೋಟೆ. ಎಸ್ಟೇಟಿನ ದೊರೆಯೊಬ್ಬ ಬೀರೂರಿನಲ್ಲಿ ಹಾಕಿದ ಕಾಗದ. ಹುಬ್ಬಳ್ಳಿಯಲ್ಲಿ ರೈಲು ಬದಲಾಯಿಸಿ ಬಳ್ಳಾರಿಗೆ ಹೋಗಿದೆ. ಆಗ ಮದ್ರಾಸಿನಿಂದ ಹೊರಟ ವಿಮಾನ ಬಳ್ಳಾರಿಯಲ್ಲಿ ಇಳಿದು ಮುಂದೆ ಹೋಗುತ್ತಿತ್ತು. ಅಲ್ಲಿಂದ ಕರಾಚಿ, ಅಲ್ಲಿಂದ ಲಂಡನ್ನು. ಎಲ್ಲ ಮುದ್ರೆಯೂ ಸ್ಪಷ್ಟ.

"ನೋಡು ಈರಮ್ಮ," ಅನ್ನುತ್ತಿದ್ದರು, "ನಾವಿಬ್ರೂ ಬೀರೂರು ಜಂಕ್ಷನ್ ದಾಟಿದ್ದು ಕಡಿಮೆ. ಇದು ಎಲ್ಲೆಲ್ಲಿ ಹೋಗ್ಬಂದದೆ ನೋಡು."

ಒಂದೊಂದನ್ನು ಬಿಡಿಯಾಗಿ ಮಾರಿದರೆ ಚದರಿ ಹೋಗುತ್ತದೆ, ಎಲ್ಲವೂ ಒಂದೇ ಕಡೆ ಇರಬೇಕು, ನಾಲ್ಕು ಜನ ಗಾಜಿನ ಹಿಂದೆ ನೋಡುವಂತಾಗಬೇಕು. ಇದು ಅವರ ಒಂದೇ ಆಸೆ. ಮೆಕ್ಕಾಗೆ ಹೋಗಬೇಕು ಅಂತ ಹೇಳಿದ್ದಕ್ಕಿಂತ ಇದನ್ನು ಹೇಳಿದ್ದು ಹೆಚ್ಚು. ಅವರ ಹೆಂಡತಿ ಇದ್ದಾಗ ಅದಕ್ಕೇ ಜಗಳ ಆಡುತ್ತಿದ್ದರು.

ಸಾಮಾನು ಹುಡುಕಿಕೊಂಡು ನಾವು ಹಳ್ಳಿಗಳಿಗೂ ಹೋಗುತ್ತಿದ್ದೆವು. ಮನೆಗಳಿಗೆ ಗಂಡಸು ಒಬ್ಬನೇ ಹೋದರೆ ಹೆಂಗಸರು ಪೆಟ್ಟಿಗೆ ತೆಗೆಯುವುದಿಲ್ಲ ಅಂತ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಬುಕ್ಕಾಂಬುಧಿಯ ಒಂದು ಮನೆಯಲ್ಲಿ ಹಿಂದೆ ಯಾರೋ ಬಸ್ರಾ ಬಂದರಿನಲ್ಲಿ ಕೆಲಸಕ್ಕಿದ್ದರಂತೆ, ವಿಮಾನದ ಕಾಗದ ಬರುತ್ತಿತ್ತಂತೆ ಅಂತ ಸುದ್ದಿ ಸಿಕ್ಕಿತು. ಸಾಹೇಬರು ಅಂದು ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ಮನೆಯ ಸೊಸೆ, ಅವಳೂ ಆಗಲೇ ಮುದುಕಿ, ಒಳಗಿನಿಂದ ಕಾಗದದ ತಂತಿ ತಂದಳು. ಈಗಿನವರು ನೋಡಿರುವುದಿಲ್ಲ. ಬುಡದಲ್ಲಿ ಹಲಗೆಯ ಚೂರು, ಮೇಲೆ ಚೂಪಾದ ಉದ್ದ ತಂತಿ. ಮನೆಗೆ ಬಂದ ಕಾಗದವನ್ನೆಲ್ಲ ಓದಿಸಿದ ಮೇಲೆ ಅದಕ್ಕೆ ಚುಚ್ಚಿ ಗೋಡೆಗೆ ತೂಗುಹಾಕುತ್ತಿದ್ದರು. ಕಂದಾಯದ ರಸೀತಿಯ ಕೆಳಗೆ, ಲಗ್ನಪತ್ರಿಕೆಗಳ ಕೆಳಗೆ, ಕೆಂಪು ನೀಲಿ ಅಂಚಿನ ಲಕೋಟೆಗಳು ದಪ್ಪಗೆ ಇದ್ದವು. ಸಾಹೇಬರು ತಂತಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಒಂದೊಂದಾಗಿ ಬಿಡಿಸಿದರು. ಒಂದೊಂದರಲ್ಲೂ ತೂತು, ಸರಿಯಾಗಿ ಚೀಟಿಯ ನಡುವೆ. ಚೀಟಿಯಲ್ಲಿದ್ದ ಆ ದೇಶದ ರಾಜನಿಗೆ ಮೂಗೇ ಇರಲಿಲ್ಲ.

"ಎಲ್ಲಾ ತೂತಾಗವಲ್ಲಮ್ಮ," ಅಂದೆ ನಾನು.

"ತಂತಿಗೆ ಸಿಗ್ಸಿದ್ರೆ ತೂತಾಗ್ದೆ ಮುತ್ತಿನ ಹಾರ ಆಗ್ತದೇನೇ?" ಅಂದಳು ಆಕೆ. "ನಮ್ಮತ್ತೆ ಒಂದು ಕಾಗ್ದ ಕಳ್ದೋಳಲ್ಲ. ಚೀಟಿ ಇರೋ ಕಡೆ ಕಾಗ್ದ ದಪ್ಪ, ಹರಿಯಲ್ಲ ಅಂತ ಅಲ್ಲೇ ನೋಡ್ನೋಡಿ ಚುಚ್ತಿದ್ಳು."

ಸಾಹೇಬರು ಲಕೋಟೆಗಳನ್ನು ಅದೇ ಕ್ರಮದಲ್ಲಿ ವಾಪಸ್ಸು ತಂತಿಗೆ ಸಿಗಿಸಿ ಕೊಟ್ಟರು. ಆಕೆ ಕೊಟ್ಟ ಮಜ್ಜಿಗೆ ಕುಡಿದರು.

ಕಡೂರಿನಲ್ಲಿ ಒಬ್ಬರು ರಿಟೈರಾದ ದೊಡ್ಡ ಆಫೀಸರು ಇದ್ದರು, ನಮ್ಮ ಗಿರಾಕಿ. ತಮ್ಮ ಸಂಗ್ರಹ ಕೊಂಡುಕೊಳ್ಳಿ ಅಂತ ಕರೆಸಿದರು. ಹೋಗಿ ನೋಡಿದರೆ ಚೀಟಿಗಳ ಹಲ್ಲನ್ನೆಲ್ಲ ಕತ್ತರಿಯಲ್ಲಿ ನೀಟಾಗಿ ಕತ್ತರಿಸಿ, ಎಲ್ಲವನ್ನೂ ಒಂದೇ ಅಳತೆ ಮಾಡಿ, ಅನ್ನದ ಗಂಜಿಯಲ್ಲಿ ಅಂಟಿಸಿದ್ದರು. "ಹೆಂಗಿದೆ ಫಿನಿಶಿಂಗು?" ಅಂದರು. "ಕ್ಷೌರ ಚೆನ್ನಾಗಾಗಿದೆ," ಅಂದೆ. ಸಾಹೇಬರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಹೊರಗೆ ಬಂದ ಮೇಲೆ, "ಕಷ್ಟಪಟ್ಟು ಮಾಡಿದಾರೆ, ಯಾಕೆ ನೋಯಿಸ್ಬೇಕು?" ಅಂದರು. ಅದು ಅವರ ಸ್ವಭಾವ. ನನ್ನನ್ನು ಎದುರಿಗೇ ಬೈಯುವ ಹಾಗೆ ಊರವರನ್ನು ಬೈಯುತ್ತಿರಲಿಲ್ಲ.

ನಮ್ಮ ಅಂಗಡಿಯೊಳಗೇ ಆದದ್ದೂ ಇದೆ. ಬೈಂಡರ್ ರಂಗಪ್ಪ ಆಯುಧಪೂಜೆಗೆ ಹಾಳೆ ಕತ್ತರಿಸುವ ಮಿಷಿನ್ನಿಗೆ ಪೂಜೆ ಮಾಡುತ್ತಿದ್ದ. ಅಂಗಡಿ ಸಾಬರದು, ಪೂಜೆ ರಂಗಪ್ಪನದು, ಪುರಿ ಕಡಲೆ ಎಲ್ಲರದು. ಒಂದು ವರ್ಷ ಪೂಜೆಯ ದಿನ ನಾನು ಊರಿನಲ್ಲಿರಲಿಲ್ಲ. ಹಿಂದಿನ ಕೋಣೆಯನ್ನು ಬಿಡಬಾರದು ಅಂತ ರಂಗಪ್ಪ ಅಲ್ಲಿಗೂ ಹೋಗಿ, ಬಿಚ್ಚಿಟ್ಟಿದ್ದ ವಿಮಾನದ ಆಲ್ಬಮ್ಮಿನ ಮೇಲೆ ನೀರು ಚಿಮುಕಿಸಿ, ಕುಂಕುಮ ಇಟ್ಟು, ಹೂ ಹಾಕಿದ್ದಾನೆ. ಮಾರನೇ ದಿನ ನಾನು ಹೋದಾಗ ಒಂದು ಹಾಳೆ ಪೂರ್ತಿ ಕೆಂಪಗಾಗಿತ್ತು.

"ಪೂಜೆ ಮಾಡ್ದೆ, ಸರಿ ರಂಗಪ್ಪ," ಅಂದರು ಸಾಹೇಬರು. "ನೀರ್ಯಾಕೆ ಚಿಮುಕಿಸ್ದೆ?"

"ಶುದ್ಧ ಆಗ್ಲಿ ಅಂತ ಸಾಹೇಬ್ರೆ. ಅನ್ನ ಕೊಡೋ ಸಾಮಾನಲ್ವಾ?"

"ಆಯ್ತು ಬಿಡು. ಶುದ್ಧ ಆಯ್ತು."

ಸಾಹೇಬರು ಮಧ್ಯಾಹ್ನ ಊಟ ಮಾಡಲಿಲ್ಲ. ರಂಗಪ್ಪನಿಗೆ ಬೋನಸ್ಸು ಮಾತ್ರ ಎಂದಿನಂತೆ ಕೊಟ್ಟರು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಕೆಟ್ಟ ಮನಸ್ಸಿನಿಂದ ಹಾಳು ಮಾಡಿದವರನ್ನು ಇಷ್ಟು ವರ್ಷದಲ್ಲಿ ನಾನು ನೋಡಲೇ ಇಲ್ಲ. ನೋಡಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು.

ಕಾಲ ಬದಲಾಯಿತು. ಮೊದಲು ಕೊಲ್ಲಿ ದೇಶಕ್ಕೆ ಹೋದವರ ಮನೆಗಳಿಗೆ ಮಡಿಸಿ ಅಂಟಿಸಿದ ನೀಲಿ ವಿಮಾನಪತ್ರಗಳು ಬರುತ್ತಿದ್ದವು; ಆಮೇಲೆ ಫೋನು ಬಂತು, ಅವು ನಿಂತವು. ಕೆಂಪು ನೀಲಿ ಅಂಚಿನ ಲಕೋಟೆ ಅಂಗಡಿಗಳಲ್ಲೂ ಸಿಗದಾಯಿತು. ಬೈಂಡಿಂಗ್ ಕೆಲಸವೂ ಹೋಯಿತು. ಕಂಪ್ಯೂಟರ್ ಬಂದ ಮೇಲೆ ಆಫೀಸಿನವರು ದಪ್ಪ ಪುಸ್ತಕ ಕಟ್ಟಿಸುವುದು ಬಿಟ್ಟರು. ರಂಗಪ್ಪ ತೀರಿಕೊಂಡ. ಸಾಹೇಬರಿಗೆ ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋಯಿತು. ಆಮೇಲೆ ಕಣ್ಣಿಗೂ ಪೊರೆ ಬಂದು, ಎದುರಿಗೆ ಯಾರೋ ಇದ್ದಾರೆ ಅನ್ನುವಷ್ಟು ಕಾಣುತ್ತಿತ್ತು. ಆಪರೇಷನ್ ಮಾಡಿಸಿಕೊಳ್ಳುವ ಸ್ಥಿತಿಯಲ್ಲಿ ಅವರು ಇರಲಿಲ್ಲ.

ಮಗಳು ಶಾಹೀನ ಒಬ್ಬಳೇ ಅವರನ್ನು ನೋಡಿಕೊಂಡಳು. ಗಂಡನ ಮನೆಯಿಂದ ಬಂದವಳು ಮತ್ತೆ ಹೋಗಲಿಲ್ಲ. ಅಂಗಡಿಯ ಮುಂದೆ ಒಂದು ಜೆರಾಕ್ಸ್ ಮಿಷಿನ್ನು, ಒಂದು ಲ್ಯಾಮಿನೇಷನ್ ಮಿಷಿನ್ನು ಇಟ್ಟಳು. ಆಧಾರ್ ಕಾರ್ಡು, ರೇಷನ್ ಕಾರ್ಡು, ಮಾರ್ಕ್ಸ್ ಕಾರ್ಡು ಹಿಡಿದುಕೊಂಡು ಜನ ಬರುತ್ತಿದ್ದರು. ಕಾಗದವನ್ನು ಪ್ಲಾಸ್ಟಿಕ್ಕಿನ ನಡುವೆ ಇಟ್ಟು ಬಿಸಿ ರೋಲರಿಗೆ ಕೊಟ್ಟರೆ ಆಚೆಯಿಂದ ಗಟ್ಟಿಯಾಗಿ ಹೊಳೆಯುತ್ತಾ ಬರುತ್ತದೆ. ಅದರಲ್ಲೇ ಮನೆ ನಡೆಯುತ್ತಿತ್ತು, ಸಾಹೇಬರ ಮಾತ್ರೆಯೂ ಅದರಲ್ಲೇ ಬರುತ್ತಿತ್ತು.

ಚೀಟಿ ವ್ಯಾಪಾರ ಮುಚ್ಚಿದ್ದರೂ ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ವಿಮಾನದ ಆಲ್ಬಮ್ಮುಗಳ ಹಾಳೆ ತಿರುವಿ ಗಾಳಿಯಾಡಿಸಬೇಕು. ಇಲ್ಲದಿದ್ದರೆ ಮಳೆಗಾಲದಲ್ಲಿ ಕಾಗದಕ್ಕೆ ಕಂದು ಚುಕ್ಕೆ ಹಿಡಿಯುತ್ತದೆ. ಮಂಚದ ಪಕ್ಕ ಕೂತು ಒಂದೊಂದನ್ನೇ ತೆಗೆದು, "ಇದು ನಾಗಪುರದ್ದು, ಇದು ಕರಾಚಿದು" ಅಂತ ಹೇಳುತ್ತಿದ್ದೆ. ಅವರು ಹ್ಞೂಂ ಅನ್ನುತ್ತಿದ್ದರು.

ಶಾಹೀನಳೇ ಅಲ್ಲಿ ಇಲ್ಲಿ ವಿಚಾರಿಸಿ, ಫೋಟೋ ಕಳಿಸಿ, ಕೊನೆಗೂ ಬೆಂಗಳೂರಿನ ಒಂದು ಸಂಗ್ರಹಾಲಯದವರಿಂದ ಉತ್ತರ ತರಿಸಿದಳು. ಬಂದು ನೋಡುತ್ತೇವೆ, ಸ್ಥಿತಿ ಚೆನ್ನಾಗಿದ್ದರೆ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡು ಗಾಜಿನ ಪೆಟ್ಟಿಗೆಯಲ್ಲಿಡುತ್ತೇವೆ ಅಂತ. ಸಾಹೇಬರಿಗೆ ಓದಿ ಹೇಳಿದಾಗ ಅವರು ಇನ್ನೊಂದು ಸಲ ಓದು ಅಂದರು. ಮತ್ತೆ ಇನ್ನೊಂದು ಸಲ.

"ಇನ್ನು ನಾನು ಹೋದ್ರೂ ಚಿಂತೆ ಇಲ್ಲ ಈರಮ್ಮ," ಅಂದರು.

"ಹೋಗೋ ಮಾತು ಯಾಕೆ ಈಗ? ಅವರು ಬಂದು ಹೋಗ್ಲಿ ಮೊದ್ಲು," ಅಂದೆ.

ಅವರು ಬರುವುದಕ್ಕೆ ಹಿಂದಿನ ವಾರ ನನಗೆ ಜ್ವರ. ಹೋಗಲಾಗಲಿಲ್ಲ. ಸಂಗ್ರಹಾಲಯದವರು ಬರುವ ದಿನವೇ ಬೆಳಿಗ್ಗೆ ಹೋದೆ. ಶಾಹೀನ ಬಾಗಿಲಿಗೇ ಬಂದಳು. ಅವಳ ಮುಖದಲ್ಲಿ ಅಷ್ಟು ನಗು ನೋಡಿ ವರ್ಷಗಳಾಗಿದ್ದವು.

"ಈರಕ್ಕ, ಬನ್ನಿ. ನಿಮಗೊಂದು ತೋರಿಸ್ತೀನಿ."

ಹಿಂದಿನ ಕೋಣೆಯ ಮೇಜಿನ ಮೇಲೆ ಲಕೋಟೆಗಳು ಸಾಲಾಗಿ ಇದ್ದವು. ಹೊಳೆಯುತ್ತಿದ್ದವು. ಒಂದನ್ನು ಎತ್ತಿಕೊಂಡೆ. ಹಲಗೆಯ ಹಾಗೆ ಗಟ್ಟಿಯಾಗಿತ್ತು.

"ಎಲ್ಲಾನೂ ಮಾಡ್ಬಿಟ್ಯಾ?" ಅಂದೆ.

"ಎಲ್ಲಾ. ಅಂಗಡಿ ಬಾಗಿಲು ಹಾಕ್ಕೊಂಡು ಮಾಡ್ದೆ. ದಪ್ಪ ಪ್ಲಾಸ್ಟಿಕ್ಕು ಹಾಕಿದೀನಿ, ಒಳ್ಳೇದು. ಊರೋರದ್ದೆಲ್ಲ ಮಾಡ್ಕೊಡ್ತೀನಿ, ಅಬ್ಬಂದು ಮಾತ್ರ ಹಂಗೇ ಬಿಟ್ಟಿದ್ನಲ್ಲ ಅನ್ನಿಸ್ತು. ಇನ್ಮೇಲೆ ನೀರೂ ಇಲ್ಲ, ಹುಳಾನೂ ಇಲ್ಲ. ಅಬ್ಬಂಗೆ ಇನ್ನೂ ಹೇಳಿಲ್ಲ, ಅವರು ತಗೊಂಡ್ ಮೇಲೆ ಹೇಳ್ತೀನಿ."

ಕೆಲಸಕ್ಕೆ ಬಾರದ ಒಂದು ಹರಿದ ಲಕೋಟೆಯೂ ಆ ಸಾಲಿನಲ್ಲಿತ್ತು. ಅದರ ಮೂಲೆಯನ್ನು ಬ್ಲೇಡಿನಲ್ಲಿ ಸೀಳಿ ಮೆಲ್ಲಗೆ ಎತ್ತಿದೆ. ಪ್ಲಾಸ್ಟಿಕ್ಕಿನ ಜೊತೆ ಚೀಟಿಯ ಬಣ್ಣವೂ ಎದ್ದು ಬಂತು. ಕೆಳಗೆ ಬರೀ ಬಿಳೀ ಜುಂಗು ಉಳಿಯಿತು. ಶಾಹೀನ ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳು ಏನೋ ಕೇಳುವುದರೊಳಗೆ ಹೊರಗೆ ಕಾರು ನಿಂತಿತು.

ಬಂದವರು ಒಬ್ಬರೇ, ನಡುವಯಸ್ಸಿನವರು, ಸಭ್ಯರು. ಕೈಗೆ ಬಿಳೀ ಗವಸು ಹಾಕಿಕೊಂಡು ಒಳಗೆ ಬಂದರು. ಮೇಜು ನೋಡಿ ನಿಂತರು. ಗವಸು ಬಿಚ್ಚಿ ಜೇಬಿಗೆ ಇಟ್ಟುಕೊಂಡರು. ಬೀರೂರಿನ ಲಕೋಟೆಯನ್ನು ಎತ್ತಿ ಮುಂದೆ ಹಿಂದೆ ತಿರುಗಿಸಿ ಬಹಳ ಹೊತ್ತು ನೋಡಿದರು.

"ಇದು ಯಾವಾಗ ಮಾಡ್ಸಿದ್ದಮ್ಮ?" ಅಂದರು.

"ಮೊನ್ನೆ ಸರ್. ನಾನೇ ಮಾಡ್ದೆ," ಅಂದಳು ಶಾಹೀನ.

ಅವರು ಕುರ್ಚಿಯಲ್ಲಿ ಕೂತರು. ಟೀ ಕುಡಿದರು. ಹೋಗಿ ತಿಳಿಸುತ್ತೇವೆ ಅಂದರು. ನಾನು ಕಾರಿನವರೆಗೆ ಹೋದೆ.

"ಬಿಡಿಸಕ್ಕೆ ಏನಾದ್ರೂ ದಾರಿ ಇದ್ಯಾ ಸ್ವಾಮಿ?" ಅಂತ ಕೇಳಿದೆ.

"ಇಲ್ಲಮ್ಮ. ಹೋದ ವಾರ ಬಂದಿದ್ರೆ ನಾನೇ ತಗೊಂಡು ಹೋಗ್ತಿದ್ದೆ," ಅಂದರು. ಅದನ್ನು ಹೇಳದೆ ಹೋಗಬಹುದಿತ್ತು.

ಒಳಗೆ ಬಂದಾಗ ಶಾಹೀನ ನಾನು ಸೀಳಿದ ಲಕೋಟೆಯನ್ನು ಹಿಡಿದುಕೊಂಡು ನಿಂತಿದ್ದಳು.

"ತಗೊಳ್ಳಲ್ವಾ?"

"ತಗೊಳ್ಳಲ್ಲ ಕಣಮ್ಮ. ಇದು ಸತ್ತೋದಂಗೆ. ಮೊದ್ಲು ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?" ಅಂದೆ. ನನಗೆ ಬೇರೆ ರೀತಿ ಹೇಳಲು ಬರುವುದಿಲ್ಲ.

ಅವಳು ದನಿಯೆತ್ತಿ ಅಳಲಿಲ್ಲ, ಪಕ್ಕದ ಕೋಣೆಗೆ ಕೇಳಿಸುತ್ತದೆ ಅಂತ. ಸೆರಗು ಬಾಯಿಗೆ ಒತ್ತಿಕೊಂಡಳು. "ಅಬ್ಬಂಗೆ ಹೇಳ್ಬೇಡಿ ಈರಕ್ಕ. ಕಾಲಿಗೆ ಬೀಳ್ತೀನಿ. ಅವರು ತಗೊಂಡ್ ಹೋದ್ರು ಅನ್ನೋಣ."

ಅಷ್ಟರಲ್ಲಿ ಸಾಹೇಬರು ಕರೆದರು. ಕಾರು ಬಂದದ್ದು, ಹೋದದ್ದು ಎರಡೂ ಅವರ ಕಿವಿಗೆ ಬಿದ್ದಿತ್ತು.

"ಏನಂದ್ರು?"

"ಮೆಚ್ಚಿಕೊಂಡ್ರು ಅಬ್ಬ. ಗಾಡಿ ತಗೊಂಡು ಬರ್ತಾರಂತೆ," ಅಂದಳು ಶಾಹೀನ. ದನಿ ಒಂಚೂರೂ ಅಲುಗಲಿಲ್ಲ.

"ಬೀರೂರಿಂದು ಕೊಡು. ಹೋಗೋ ಮುಂಚೆ ಒಂದ್ಸಲ ಹಿಡ್ಕೋತೀನಿ."

ನಾವಿಬ್ಬರೂ ಕದಲಲಿಲ್ಲ. "ಕೊಡು ಈರಮ್ಮ," ಅಂದರು ಮತ್ತೆ. ನಾನು ತಂದು ಅವರ ಚೆನ್ನಾಗಿದ್ದ ಕೈಗೆ ಕೊಟ್ಟೆ.

ಹೆಬ್ಬೆರಳು ಲಕೋಟೆಯ ಮೇಲೆ ಹೋಯಿತು. ಚೀಟಿ ಇರುವ ಮೂಲೆಗೆ ಹೋಯಿತು. ಚೀಟಿಯ ಹಲ್ಲು ಬೆರಳಿಗೆ ಸಿಗಬೇಕಾದ ಜಾಗದಲ್ಲಿ ನುಣುಪು. ಹಿಂದಕ್ಕೆ ತಿರುಗಿಸಿದರು, ಅಲ್ಲೂ ನುಣುಪು. ಅಂಚಿನಲ್ಲಿ ಪ್ಲಾಸ್ಟಿಕ್ಕಿನ ಚೂಪು ಮೂಲೆ ಸಿಕ್ಕಿತು. ಬೆರಳು ಅಲ್ಲೇ ನಿಂತಿತು. ಮುಂದಿನ ಅಂಗಡಿಯಲ್ಲಿ ಏನು ಕೆಲಸ ನಡೆಯುತ್ತದೆ ಅನ್ನುವುದು ಅವರಿಗೆ ಗೊತ್ತಿಲ್ಲದ್ದಲ್ಲ.

ಮಗಳು ಇರುವ ಕಡೆಗೆ ಮುಖ ತಿರುಗಿಸಿದರು.

"ನೀ ಮಾಡಿದ್ದಾ?"

"ಹ್ಞೂಂ ಅಬ್ಬ."

"ಬಹುತ್ ಅಚ್ಛಾ ಕರೀ ಬೇಟಾ," ಅಂದರು. ಬಹಳ ಚೆನ್ನಾಗಿ ಮಾಡಿದೆ ಮಗಳೇ, ಅಂತ. "ಇನ್ನು ಏನೂ ಆಗಲ್ಲ ಇದಕ್ಕೆ."

ಶಾಹೀನ ಮಂಚದ ಕಾಲಿನ ಹತ್ತಿರ ಕೂತುಬಿಟ್ಟಳು. ಸಾಹೇಬರು ಲಕೋಟೆಯನ್ನು ನನ್ನ ಕಡೆಗೆ ಚಾಚಿದರು. ನಾನು ತೆಗೆದುಕೊಂಡೆ.

"ಈರಮ್ಮ, ಮುಂದಿನ ವಾರದಿಂದ ನೀನು ಬಸ್ಸು ಹತ್ತೋದು ಬೇಡ," ಅಂದರು. "ಇವಕ್ಕೆ ಇನ್ನು ಗಾಳಿ ಬೇಕಾಗಿಲ್ಲ."

ನನ್ನ ನಿವೃತ್ತಿ ಹೀಗಾಯಿತು. ಬೇರೆಯವರಿಗೆ ಹಾರ ಹಾಕಿ, ಶಾಲು ಹೊದಿಸಿ ಕಳಿಸುತ್ತಾರಂತೆ. ನಾನು ಚೀಲ ತೆಗೆದುಕೊಂಡು ಮುಂದಿನ ಅಂಗಡಿಗೆ ಬಂದೆ. ಹೊಸಲಿನಲ್ಲಿ ಒಬ್ಬ ಹೆಂಗಸು ರೇಷನ್ ಕಾರ್ಡು ಹಿಡಿದುಕೊಂಡು ಕಾಯುತ್ತಿದ್ದಳು. ಶಾಹೀನ ಮುಖ ಒರೆಸಿಕೊಂಡು ಹೊರಗೆ ಬಂದು, ಕಾರ್ಡು ಇಸಿದುಕೊಂಡು, ಸ್ವಿಚ್ಚು ಹಾಕಿದಳು.

"ಮಿಷಿನ್ ಬಿಸಿಯಾಗ್ಬೇಕು," ಅಂದಳು, "ಸ್ವಲ್ಪ ಕೂತ್ಕೊಳ್ಳಿ."